1 ಇಂಚು 12 ಸೆಂಟ್

ಮೊನ್ನೆ ನಮ್ಮ ತೋಟಕ್ಕೆ ಹೂಮಳೆ ಬಂತು. ಕಾಫಿ ಬೆಳೆಯುವವರ ಹತ್ತಿರ ಇಷ್ಟು ಹೇಳಿದರೆ ಸಾಕು, 'ಎಷ್ಟು ಸೆಂಟ್?' ಅಂತ ತಕ್ಷಣ ಕೇಳುತ್ತಾರೆ. ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಮೂಡಿಗೆರೆ ತಾಲ್ಲೂಕಿನ ಬಣಕಲ್ ಹತ್ತಿರ ನಮ್ಮದೊಂದು ಸಣ್ಣ ತೋಟ. ಜಾಸ್ತಿ ರೊಬಸ್ಟಾ ಕಾಫಿ, ಮೇಲಿನ ದಿಣ್ಣೆಯಲ್ಲಿ ಸ್ವಲ್ಪ ಅರೇಬಿಕಾ ಜಾತಿಯದ್ದು, ನೆರಳಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ. ಟಿವಿಯವರು ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ದೇಶವೆಲ್ಲ ಮೀಟರು ಲೀಟರಿಗೆ ಬದಲಾಗಿ ಅರವತ್ತು ವರ್ಷ ದಾಟಿದರೂ ನಮ್ಮ ಕಡೆ ಮಳೆ ಮಾತ್ರ ಇನ್ನೂ ಇಂಚಿನಲ್ಲೇ ಬೀಳುತ್ತದೆ. ಒಂದು ಇಂಚಿಗೆ 100 ಸೆಂಟ್, ಅಂದ್ರೆ 25.4 ಮಿಲಿಮೀಟರ್. ಹೆಚ್ಚುಕಡಿಮೆ ಎಲ್ಲರ ಮನೆ ಅಂಗಳದಲ್ಲೂ ಕಂಬಕ್ಕೆ ಒಂದು ಮಳೆ ಅಳೆಯುವ ಗ್ಲಾಸು ಕಟ್ಟಿರುತ್ತದೆ. ಮೈಮೇಲೆ ಗೆರೆ, ಗೆರೆಯ ಪಕ್ಕ ಸೆಂಟು. ಅಪ್ಪ ನಮ್ಮದನ್ನು ಮರಗಳಿಂದ ದೂರ, ಬಯಲಲ್ಲಿ ನಿಲ್ಲಿಸಿದ್ದಾರೆ. ಎಲೆಯಿಂದ ತೊಟ್ಟಿಕ್ಕಿದ ನೀರು ಲೆಕ್ಕಕ್ಕೆ ಬರಬಾರದು ಅಂತ.

ಇನ್ನು ಹೂಮಳೆ. ಜೂನ್‌ನಿಂದ ಸುರಿಯುವ ಮಳೆ ಬಗ್ಗೆ ಯಾರಿಗೂ ಚಿಂತೆ ಇಲ್ಲ. ಅದು ಬಂದೇ ಬರುತ್ತದೆ, ಬೇಡ ಅಂದರೂ ನೂರಿಂಚು ಹೊಯ್ಯುತ್ತದೆ. ನಮ್ಮ ಜೀವ ಹಿಡಿದಿಟ್ಟಿರುವುದು ಫೆಬ್ರವರಿ ಮಾರ್ಚಿನಲ್ಲಿ ಬೀಳುವ ಒಂದೇ ಒಂದು ಇಂಚು. ಕೊಯ್ಲು ಮುಗಿಯುವ ಹೊತ್ತಿಗೆ ರೊಬಸ್ಟಾ ಗಿಡದ ಗೆಣ್ಣು ಗೆಣ್ಣಿಗೂ ಮೊಗ್ಗು ಕೂತಿರುತ್ತದೆ. ಅದು ನೀರಿಗಾಗಿ ಕಾಯುತ್ತಾ ನಿದ್ದೆ ಹೊಡೆಯುತ್ತಿರುತ್ತದೆ. ಒಂದೇ ಸಲಕ್ಕೆ ಇಂಚಿನಷ್ಟು ಮಳೆ ಬಿತ್ತು ಅಂದ್ರೆ ಎಚ್ಚರವಾಗುತ್ತದೆ, ಏಳೆಂಟು ದಿನಕ್ಕೆ ತೋಟ ತುಂಬ ಬಿಳಿ ಹೂವು. ಇಪ್ಪತ್ತು ಮೂವತ್ತು ಸೆಂಟ್ ಉದುರಿಸಿ ಹೋಯಿತೋ, ಮೊಗ್ಗು ಅರ್ಧ ಎದ್ದು ಪೂರ್ತಿ ಅರಳದೆ ಒಣಗುತ್ತದೆ. ಬರದೇ ಇದ್ದಿದ್ದರೂ ಚೆನ್ನಾಗಿತ್ತು ಅನ್ನುವ ಮಳೆ ಅದು. ಹೂವಾದ ಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಅದಕ್ಕೆ ಬ್ಯಾಕಿಂಗ್ ಮಳೆ ಅಂತಾರೆ. ಈ ಎರಡು ಮಳೆ ಸರಿ ಬಿದ್ದರೆ ಮುಂದಿನ ವರ್ಷದ ಕಾಫಿ ಗಿಡದಲ್ಲಿ ನಿಂತ ಹಾಗೆ.

ಮೊನ್ನೆ ಬೆಳಿಗ್ಗೆ ಎದ್ದಾಗ ಮಳೆಯ ಸುಳಿವೇ ಇರಲಿಲ್ಲ. ಹತ್ತು ಗಂಟೆಗೆಲ್ಲ ಬಿಸಿಲು ನೆತ್ತಿ ಸುಡುತ್ತಿತ್ತು. ಹನ್ನೊಂದರ ಹೊತ್ತಿಗೆ ಸೆಕೆ ಶುರುವಾಯಿತು. ಒಣ ಬಿಸಿಲಲ್ಲ, ಅಂಗಿ ಬೆನ್ನಿಗೆ ಅಂಟುವ ಸೆಕೆ. ಅಪ್ಪ ಜಗಲಿಯಲ್ಲಿ ಕೂತು ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತಾ 'ಇವತ್ತು ಏನೋ ಇದೆ' ಅಂದರು. ನಾನು ಮೊಬೈಲ್ ನೋಡಿ 'ಅಪ್ಪ, 40 ಪರ್ಸೆಂಟ್ ಅಂತ ತೋರಿಸ್ತಿದೆ' ಅಂದೆ. 'ಆ 40 ಪರ್ಸೆಂಟ್ ನಮ್ಮ ತೋಟದ್ದೋ ಪಕ್ಕದ ತೋಟದ್ದೋ ಕೇಳು ಅದನ್ನ' ಅಂದರು. ಎಪ್ಪತ್ತು ದಾಟಿದ ಮನುಷ್ಯ, ಅವರ ಪ್ರಶ್ನೆಯಲ್ಲಿ ಅರ್ಥ ಇತ್ತು. ಯಾಕೆ ಅಂತ ಸಂಜೆ ಗೊತ್ತಾಯಿತು.

ಅಮ್ಮನ ಚಿಂತೆ ಬೇರೆ. ಅವತ್ತು ಕಣದಲ್ಲಿ ಕಾಳುಮೆಣಸು ಹರಡಿತ್ತು. ಬಳ್ಳಿಯಿಂದ ಬಿಡಿಸಿದ ಹಸಿರು ಕಾಳು ಒಳ್ಳೆ ಬಿಸಿಲಿಗೆ ಕಪ್ಪಾಗಿ ಸುಕ್ಕು ಹಿಡಿಯಬೇಕು, ಅದಕ್ಕೆ ಇನ್ನೂ ಎರಡು ದಿನದ ಬಿಸಿಲು ಬಾಕಿ ಇತ್ತು. ಅರ್ಧ ಒಣಗಿದ್ದಕ್ಕೆ ನೀರು ಬಿದ್ದರೆ ಬೂಸ್ಟು ಹಿಡಿಯುತ್ತದೆ, ರೇಟು ಹೋಗುತ್ತದೆ. ಇನ್ನೊಂದು ಮೂಲೆಯಲ್ಲಿ ಕೊನೆ ಕೊಯ್ಲಿನ ರೊಬಸ್ಟಾ ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು. ತೋಟಕ್ಕೆ ಮಳೆ ಬೇಕು, ಕಣಕ್ಕೆ ಬೇಡ. ಎರಡಕ್ಕೂ ನಡುವೆ ಒಂದು ಬೇಲಿ ಅಷ್ಟೇ. ಅಮ್ಮ ದೇವರ ಹತ್ತಿರ ಈ ವಿಷಯ ಬಹಳ ಸ್ಪಷ್ಟವಾಗಿ ಮಾತಾಡುತ್ತಾರೆ. 'ತೋಟಕ್ಕೆ ಬಾರಪ್ಪ, ಕಣದ ಹತ್ರ ಬರ್ಬೇಡ, ಅಂಗಳದ ಬಟ್ಟೆನೂ ಒಣಗಿಲ್ಲ ಇನ್ನೂ.'

ಮೂರು ಗಂಟೆಗೆ ಮೂಡಲ ಕಡೆಯಿಂದ ಮೋಡ ಎದ್ದಿತು. ಮೊದಲು ಬೆಟ್ಟದ ಮೇಲೆ ಬೆಳ್ಳಗೆ ರಾಶಿ ಬಿತ್ತು. ಅರ್ಧ ಗಂಟೆಯಲ್ಲಿ ಅದರ ತಳ ಕಪ್ಪಾಯಿತು. ಗಾಳಿ ನಿಂತಿತು. ಸಿಲ್ವರ್ ಮರದ ಎಲೆ ಕೂಡ ಅಲ್ಲಾಡಲಿಲ್ಲ. ಆಮೇಲೆ ಒಮ್ಮೆಗೇ ತಣ್ಣನೆ ಗಾಳಿ ನುಗ್ಗಿತು, ಕಣದ ಮೇಲಿನ ಹೊಟ್ಟೆಲ್ಲ ಎದ್ದು ಅಡುಗೆ ಮನೆಗೆ ಬಂತು. 'ಟಾರ್ಪಾಲು ಎಳೀರೋ' ಅಂತ ಅಪ್ಪ ಕೂಗಿದ್ದೇ ತಡ, ಮನೆಯಲ್ಲಿದ್ದವರು, ಕೆಲಸದವರು, ಪಕ್ಕದ ಮನೆಗೆ ಲಗ್ನಪತ್ರಿಕೆ ಕೊಡಲು ಬಂದಿದ್ದವರು ಕೂಡ ಕಣಕ್ಕೆ ಓಡಿದರು. ಪರಿಚಯ ಆಮೇಲೆ ಆಯಿತು. ಹಾಳೆಯಿಂದ, ಹಲಗೆಯಿಂದ, ಕೈಯಿಂದ ಮೆಣಸು ಗುಡ್ಡೆ ಮಾಡಿ ಟಾರ್ಪಾಲು ಎಳೆದು ಅಂಚಿಗೆ ಕಲ್ಲು ಹೇರಿದೆವು. ಪತ್ರಿಕೆ ತಂದ ಹಿರಿಯರು ಮೆಣಸಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಸ್ವಲ್ಪ ಹೊತ್ತು ಒದ್ದಾಡಿದರು ಪಾಪ. ಅಮ್ಮ ಅವರಿಗೆ ಮಜ್ಜಿಗೆ ಕೊಟ್ಟು, ಮದುವೆಗೆ ಎಲ್ಲರೂ ಬರ್ತೀವಿ ಅಂತ ಅಲ್ಲೇ ಮಾತು ಕೊಟ್ಟರು.

ಮಿಂಚಾಯಿತು. ಮಗಳು ಬೆರಳು ಮಡಿಸುತ್ತಾ ಎಣಿಸಿದಳು, ಒಂಬತ್ತಕ್ಕೆ ಗುಡುಗು ಕೇಳಿತು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು, ಹಾಗಾಗಿ ಸಿಡಿಲು ಮೂರು ಕಿಲೋಮೀಟರ್ ಆಚೆ. ಮುಂದಿನದ್ದು ಐದಕ್ಕೆ, ಅದರ ಮುಂದಿನದ್ದಕ್ಕೆ ಎಣಿಸಲು ಪುರುಸೊತ್ತೇ ಸಿಗಲಿಲ್ಲ. ಎಲ್ಲರೂ ಒಳಗೆ ಬಂದೆವು. ಕರೆಂಟು ಹೋಯಿತು. ಅದು ಹೋಗದಿದ್ದರೆ ಮಳೆ ಬಂದ ಹಾಗೆ ಅನ್ನಿಸುವುದೇ ಇಲ್ಲ ನಮಗೆ.

ಮೊದಲ ಹನಿಗಿಂತ ಮೊದಲೇ ವಾಸನೆ ಬಂತು. ಎಲ್ಲೋ ಆಗಲೇ ನೆಲ ನೆನೆದಿದೆ, ಗಾಳಿ ತರುತ್ತಿದೆ ಅಂತ ಅರ್ಥ. ಈ ಮಣ್ಣಿನ ವಾಸನೆಯಲ್ಲಿ ಮುಖ್ಯವಾದದ್ದು ಜಿಯೋಸ್ಮಿನ್ ಅನ್ನುವ ವಸ್ತು. ಮಣ್ಣಿನೊಳಗಿನ ಸೂಕ್ಷ್ಮಾಣುಗಳು ಅದನ್ನು ಮಾಡುತ್ತವೆ. ಹನಿ ನೆಲಕ್ಕೆ ಅಪ್ಪಳಿಸಿದಾಗ ಸಣ್ಣ ಗುಳ್ಳೆ ಎದ್ದು ಒಡೆದು ಅದು ಗಾಳಿಗೆ ಹಾರುತ್ತದೆ. ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯರ ಮೂಗು ಹಿಡಿಯುತ್ತದೆಯಂತೆ. ಬೀಟ್‌ರೂಟಿಗೆ ಮಣ್ಣಿನ ವಾಸನೆ ಬರುವುದೂ ಇದರಿಂದಲೇ. ಬೀಟ್‌ರೂಟ್ ಪಲ್ಯ ಬೇಡ ಅನ್ನುವ ಮಗಳಿಗೆ ಇದನ್ನು ಹೇಳಿದೆ. 'ಹಾಗಾದ್ರೆ ಮಳೆ ಸಾಕು, ಪಲ್ಯ ಬೇಡ' ಅಂದಳು. ಉತ್ತರ ಪ್ರದೇಶದ ಕನೌಜ್‌ನಲ್ಲಿ ಸುಟ್ಟ ಮಣ್ಣನ್ನು ಬಟ್ಟಿ ಇಳಿಸಿ ಇದೇ ವಾಸನೆಯ ಅತ್ತರು ಮಾಡಿ ಮಾರುತ್ತಾರೆ. ನಮಗೆ ಮಾರ್ಚಿನಲ್ಲಿ ಅದು ಪುಕ್ಕಟೆ.

ಆಮೇಲೆ ಸುರಿಯಿತು ನೋಡಿ. ಹೆಂಚಿನ ಮೇಲೆ ಮೊದಲು ಒಂದೊಂದೇ ದಪ್ಪ ಹನಿ, ಮಧ್ಯೆ ಮಧ್ಯೆ ಟಣ್ ಅಂತ ಆಲಿಕಲ್ಲು, ಕೊನೆಗೆ ಪಕ್ಕದಲ್ಲಿ ಕೂತವರ ಮಾತೂ ಕೇಳದ ಹಾಗೆ ಒಂದೇ ಸಮ. ಚಿತ್ರ ಬರೆಯುವಾಗ ನಾವೆಲ್ಲ ಹನಿಗೆ ಮೇಲೊಂದು ಚೂಪು ತುದಿ ಇಡುತ್ತೇವೆ, ಅಲ್ವಾ? ನಿಜವಾಗಿ ಬೀಳುವ ದೊಡ್ಡ ಹನಿಗೆ ತುದಿಯೇ ಇಲ್ಲ, ಕೆಳಗಿನಿಂದ ಗಾಳಿ ಒತ್ತಿ ತಳ ಚಪ್ಪಟೆ, ಮೇಲೆ ಉಬ್ಬು, ಬನ್ನಿನ ಆಕಾರ. ಅಪ್ಪ ಜಗಲಿ ಬಿಟ್ಟು ಒಳಗೆ ಬರಲಿಲ್ಲ. ಎರಚಲಿಗೆ ಪಂಚೆ ನೆನೆದರೂ ಕುರ್ಚಿ ಹಿಂದೆ ಸರಿಸಲಿಲ್ಲ. ಸದ್ದಿನಲ್ಲೇ ಅಂದಾಜು ಕಟ್ಟುತ್ತಿದ್ದರು. 'ಐವತ್ತಾಯ್ತು.' ಸ್ವಲ್ಪ ಹೊತ್ತು ಬಿಟ್ಟು 'ಎಂಬತ್ತಾಯ್ತು.' ಸೂರಿನ ನೀರು ಚರಂಡಿ ಮೀರಿ ಅಂಗಳಕ್ಕೆ ಹರಿದಾಗ ಏನೂ ಹೇಳಲಿಲ್ಲ, ಮೀಸೆಯಲ್ಲೇ ನಕ್ಕರು. ಮುಕ್ಕಾಲು ಗಂಟೆಯಲ್ಲಿ ಮಳೆ ಮುಗಿದು ಬಿಸಿಲೂ ಬಂತು.

ನಿಜವಾದ ಗದ್ದಲ ಆಮೇಲೆ ಶುರುವಾಗುವುದು. ಫೋನು. ಮಳೆ ನಿಂತ ಅರ್ಧ ಗಂಟೆಯಲ್ಲಿ ಸುತ್ತಲಿನ ತೋಟದವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡುತ್ತಾರೆ. ಇದಕ್ಕೊಂದು ಪದ್ಧತಿ ಇದೆ. ಮೊದಲು ತಮ್ಮ ಲೆಕ್ಕ ಯಾರೂ ಬಿಟ್ಟುಕೊಡುವುದಿಲ್ಲ. 'ನಿಮ್ಮಲ್ಲಿ ಹೆಂಗೆ?' ಅಂತ ಇವರು, 'ಪರವಾಗಿಲ್ಲ, ನಿಮ್ಮಲ್ಲಿ?' ಅಂತ ಅವರು. ನಮ್ಮ ಮೇಲಿನ ತೋಟದ ಗೌಡ್ರು ಎಲ್ಲರ ಲೆಕ್ಕ ಕೇಳಿ ಮುಗಿಸಿ, ಕೊನೆಯಲ್ಲಿ ಎಲ್ಲರಿಗಿಂತ ಐದು ಸೆಂಟ್ ಜಾಸ್ತಿ ಹೇಳುತ್ತಾರೆ. ಬಹಳ ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರ ಮನೆಗೆ ಕಾಫಿಗೆ ಹೋದರೂ ಲೋಟ ತುಂಬಿ ಚೆಲ್ಲುವ ಹಾಗೇ ಕೊಡುತ್ತಾರೆ, ಅದು ಅವರ ಸ್ವಭಾವ.

ಮೂಡಿಗೆರೆ ರಸ್ತೆಯ ಕಡೆ ಮೂರು ಕಿಲೋಮೀಟರ್ ದೂರದಲ್ಲಿ ಚಿಕ್ಕಪ್ಪನ ತೋಟ. ಅವರ ಫೋನು ತಡವಾಗಿ ಬಂತು. ದನಿಯಲ್ಲೇ ಗೊತ್ತಾಯಿತು. 'ಮೂವತ್ತು ಸೆಂಟೂ ಆಗಿರ್ಲಿಕ್ಕಿಲ್ಲ ಕಣೋ. ಧೂಳು ಕೂತಿದೆ ಅಷ್ಟೇ.' ಅವರಿಂದ ಆಚೆಗೆ ಒಂದು ಹನಿಯೂ ಇಲ್ಲ, ರಸ್ತೆ ಒಣಗೇ ಇತ್ತಂತೆ. ಬೇಸಿಗೆಯ ಗುಡುಗು ಮಳೆ ಹಾಗೇ. ನೆಲ ಕಾದು ಬಿಸಿ ಗಾಳಿ ಮೇಲೇರಿ, ತೇವ ಇದ್ದ ಕಡೆ ಮೋಡ ಗೋಪುರ ಕಟ್ಟುತ್ತದೆ. ಒಂದು ಗೋಪುರದ ಅಗಲ ಕೆಲವೇ ಕಿಲೋಮೀಟರ್, ಆಯಸ್ಸು ಅರ್ಧದಿಂದ ಒಂದು ಗಂಟೆ. ಅದು ಯಾರ ತೋಟದ ಮೇಲೆ ನಿಂತಿತೋ ಅವರದ್ದು ಮಳೆ. ಈಗ ಗ್ರಾಮ ಪಂಚಾಯಿತಿಗೊಂದು ತಾನಾಗೇ ಮಳೆ ಅಳೆದು ಕಳಿಸುವ ಯಂತ್ರ ಇದೆ, ಬಹಳ ಒಳ್ಳೆಯ ಕೆಲಸ ಅದು. ಆದರೆ ಒಂದೇ ಪಂಚಾಯಿತಿಯೊಳಗೆ ಒಬ್ಬರಿಗೆ ಇಂಚು, ಒಬ್ಬರಿಗೆ ಸೊನ್ನೆ ಆಗುವ ಕಡೆ ಅಂಗಳದ ಗ್ಲಾಸಿನಷ್ಟು ಸರಿಯಾಗಿ ಯಾರೂ ಹೇಳಲಾರರು. 40 ಪರ್ಸೆಂಟ್ ಯಾರದ್ದು ಅಂತ ಅಪ್ಪ ಕೇಳಿದ್ದು ಇದನ್ನೇ.

ರಾತ್ರಿ ದೀಪ ಹಚ್ಚಿದ್ದೇ ತಡ, ಮಳೆಹುಳ ಮುತ್ತಿಕೊಂಡವು. ಹುತ್ತದೊಳಗೆ ತಿಂಗಳುಗಟ್ಟಲೆ ಕಾದಿದ್ದ ರೆಕ್ಕೆಯ ಗೆದ್ದಲು ಅವು. ಹೊಸ ಮನೆ ಕಟ್ಟಲು ಹೊರಟ ರಾಜ ರಾಣಿಯರು, ಹಾರಿ, ಜೋಡಿ ಹುಡುಕಿ, ರೆಕ್ಕೆ ಉದುರಿಸಿ ಮಣ್ಣಿಗೆ ಇಳಿಯಬೇಕು. ನಮ್ಮ ದೀಪದ ದೆಸೆಯಿಂದ ಅರ್ಧಕ್ಕರ್ಧ ಅಕ್ಕಿರೊಟ್ಟಿ ತಟ್ಟೆಗೆ ಇಳಿದವು. ಅಮ್ಮ ದೀಪದ ಕೆಳಗೆ ಬೇಸನ್ನಿನಲ್ಲಿ ನೀರಿಟ್ಟರು, ನಾವು ಕತ್ತಲಲ್ಲೇ ರೊಟ್ಟಿ, ಕಾಯಿಚಟ್ನಿ ತಿಂದೆವು.

ಅಪ್ಪ ಗ್ಲಾಸು ನೋಡುವುದು ಬೆಳಿಗ್ಗೆಯೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ, ಅವರದ್ದೂ ಅದೇ ಸಮಯ. ರಾತ್ರಿ ಟಾರ್ಚ್ ಹಿಡಿದು ನೋಡೋಣ ಅಂದರೆ ಒಪ್ಪುವುದಿಲ್ಲ. ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ಮೇಲ್ಮೈ ನಡುವೆ ತಗ್ಗಿರುತ್ತದಲ್ಲ, ಆ ತಗ್ಗು ಯಾವ ಗೆರೆಗೆ ಬಂದಿದೆ ಅಂತ ನೋಡಿ ಹೇಳಿದರು. 1 ಇಂಚು 12 ಸೆಂಟ್.

ಸಣ್ಣ ಅಂಕಿ ಅಂತ ಕಾಣುತ್ತದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ಆ ಲೆಕ್ಕದಲ್ಲಿ ಒಂದು ಎಕರೆಗೆ 1 ಇಂಚು 12 ಸೆಂಟ್ ಅಂದ್ರೆ ಸುಮಾರು 1 ಲಕ್ಷ 15 ಸಾವಿರ ಲೀಟರ್. 6 ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತರಿಸಿದರೆ ಎಕರೆಗೆ ಹತ್ತೊಂಬತ್ತು ಲೋಡು! ಅದೂ ಮುಕ್ಕಾಲು ಗಂಟೆಯಲ್ಲಿ, ಡ್ರೈವರ್ ಬಾಟಾ ಇಲ್ಲದೆ. ಮಗಳು ಈ ಲೆಕ್ಕ ಮಾಡಿ ತೋರಿಸಿದಾಗ ಅಪ್ಪ ಅದನ್ನೂ ಡೈರಿಯಲ್ಲಿ ಬರೆದುಕೊಂಡರು.

ಡೈರಿ ನಮ್ಮ ಮನೆಯ ಆಸ್ತಿ. ತಾತನ ಕಾಲದಿಂದ ಬರೆದುಕೊಂಡು ಬಂದಿದ್ದಾರೆ. 'ಸಂಜೆ ಗುಡುಗು. 85 ಸೆಂಟ್. ಕೆಂಪಿ ಕರು ಹಾಕಿತು.' ಮುಂದಿನ ಪುಟದಲ್ಲಿ 'ಮೋಡ ಮಾತ್ರ. ನೆಂಟರು ಬಂದರು. ಮಳೆ ಬರಲಿಲ್ಲ.' ಮಳೆ, ಹಸು, ನೆಂಟರು ಎಲ್ಲಕ್ಕೂ ಒಂದೇ ಸಾಲು. ನನಗೆ ಈ ಡೈರಿಗಳ ಮೇಲೆ ಬಹಳ ಪ್ರೀತಿ. ತಾತನ ಫೋಟೋ ನಮ್ಮಲ್ಲಿರುವುದು ಒಂದೇ, ಅವರು ಅಳೆದ ಮಳೆ ಮಾತ್ರ ಪೆಟ್ಟಿಗೆ ತುಂಬ ಇದೆ.

ಇನ್ನೊಂದು ವಿಷಯ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನ ಜಾವಳಿಯಲ್ಲಿ. ನಮ್ಮ ತೋಟದ ನೀರು ಹಳ್ಳ ಸೇರಿ, ಹೇಮಾವತಿ ಸೇರಿ, ಗೊರೂರು ಅಣೆಕಟ್ಟೆ ದಾಟಿ, ಕಾವೇರಿಯಾಗಿ ಬಂಗಾಳ ಕೊಲ್ಲಿಯ ಕಡೆ ಹೋಗುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವ ಕಡೆ ಬಿದ್ದ ಹನಿ ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಒಂದೇ ಮೋಡದ ನೀರು, ಗಾಳಿ ಸ್ವಲ್ಪ ಆಚೆ ತಳ್ಳಿದರೆ ಸಮುದ್ರವೇ ಬೇರೆ.

ಬರುವ ವಾರ ಹೂವು. ರೊಬಸ್ಟಾಗೆ ತನ್ನದೇ ಪರಾಗ ಆಗಿಬರುವುದಿಲ್ಲ, ಬೇರೆ ಗಿಡದ್ದೇ ಬೇಕು, ಗಾಳಿಯೋ ಜೇನೋ ತರಬೇಕು. ಹಾಗಾಗಿ ಔಷಧಿ ಹೊಡೆಯುವುದೆಲ್ಲ ಬಂದ್. ಹೂವು ಬಿಟ್ಟ ದಿನ ಮಳೆ ಬರಬಾರದು, ಅಮ್ಮ ಅದನ್ನೂ ದೇವರಿಗೆ ತಿಳಿಸಿಯಾಗಿದೆ.

ಚಿಕ್ಕಪ್ಪನದ್ದೇ ತುರ್ತು. ಅವರ ಮೊಗ್ಗು ಮೂವತ್ತು ಸೆಂಟಿಗೆ ಅರ್ಧ ಎಚ್ಚರವಾಗಿ ಕೂತಿದೆ, ಒಣಗುವ ಮೊದಲು ಉಳಿದ ಎಪ್ಪತ್ತು ಸೆಂಟನ್ನು ಸ್ಪ್ರಿಂಕ್ಲರಿನಲ್ಲಿ ಕೊಟ್ಟು ಮುಗಿಸಬೇಕು. ಅಪ್ಪ ಗ್ಲಾಸು ಖಾಲಿ ಮಾಡಿ ಕಂಬಕ್ಕೆ ಸಿಕ್ಕಿಸಿದವರೇ ನಮ್ಮ ಪೈಪು, ಡೀಸೆಲ್ ಪಂಪು ಎಲ್ಲ ಟ್ರಾಕ್ಟರಿಗೆ ಹೇರಿಸಿದರು. ಚಿಕ್ಕಪ್ಪನ ಕೆರೆಯಲ್ಲಿ ನೀರು ಎರಡು ದಿನಕ್ಕಾಗುವಷ್ಟಿದೆ. ಸಾಲದಿದ್ದರೆ ಮೇಲಿನ ತೋಟದ ಗೌಡ್ರು ತಮ್ಮ ಕೆರೆಯಿಂದ ಬಿಡುತ್ತೇನೆ ಅಂದಿದ್ದಾರೆ.