ಪಲ್ಪರಿಗೋ, ಕಣಕ್ಕೋ?

ಜನವರಿಯಲ್ಲಿ ಚಿಕ್ಕಮಗಳೂರಿನ ಆಲ್ದೂರು ಕಡೆ ಸಂಜೆಯಾಗುತ್ತಲೇ ಕಾಫಿ ಹಣ್ಣಿನ ತೂಕ ಶುರು. ತೋಟದ ರೈಟರು ಲೆಕ್ಕ ಬರೆದು ಮುಗಿಸುತ್ತಿದ್ದಂತೆ ಟ್ರ್ಯಾಕ್ಟರಿನವನ ಪ್ರಶ್ನೆ: "ಸಾರ್, ಇವತ್ತಿಂದು ಪಲ್ಪರಿಗೋ, ಕಣಕ್ಕೋ?" ಪಲ್ಪರ್ ಎಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಕಣ ಎಂದರೆ ಒಣಗಿಸುವ ಅಂಗಳ. ಅದೇ ಗಿಡದ ಅದೇ ಹಣ್ಣು ಪಾರ್ಚ್‌ಮೆಂಟ್ ಆಗುವುದೋ ಚೆರಿ ಆಗುವುದೋ ಆ ಉತ್ತರದ ಮೇಲೆ: ಪಲ್ಪರಿಗೆ ಹೋದದ್ದು ಪಾರ್ಚ್‌ಮೆಂಟ್, ನೇರ ಕಣಕ್ಕೆ ಹೋದದ್ದು ಚೆರಿ.

ಎರಡೂ ಇಂಗ್ಲಿಷ್ ಮಾತೇ. ಹೊರದೇಶದ ಕಾಫಿಯವರಿಗೆ ಚೆರಿ ಎಂದರೆ ಗಿಡದಲ್ಲಿರುವ ಕೆಂಪು ಹಣ್ಣು. ಚಿಕ್ಕಮಗಳೂರಿನಲ್ಲಿ ಅದು ಬರೀ ಹಣ್ಣು. ಸಿಪ್ಪೆ ಸಮೇತ ಒಣಗಿ ಕಪ್ಪಾದ ಮೇಲಷ್ಟೇ ಚೆರಿ. ಪಾರ್ಚ್‌ಮೆಂಟ್ ಎಂದರೆ ಬೀಜದ ಮೇಲಿರುವ ಹಳದಿ ಛಾಯೆಯ ಗಟ್ಟಿ ಹೊಟ್ಟು, ಹೊಟ್ಟಿನೊಂದಿಗೆ ಒಣಗಿಸಿದ ಬೀಜಕ್ಕೂ ಅದೇ ಹೆಸರು. ಕ್ಯೂರಿಂಗಿನಲ್ಲಿ, ಅಂದರೆ ಒಣಗಿದ ಕಾಫಿಯ ಹೊಟ್ಟು-ಸಿಪ್ಪೆ ತೆಗೆದು ವಿಂಗಡಿಸುವಲ್ಲಿ, ಹೊಟ್ಟು ಹೋದರೆ ಅರೇಬಿಕಾ ಪಾರ್ಚ್‌ಮೆಂಟ್ 'ಪ್ಲಾಂಟೇಶನ್ ಎ' ಎಂದೆಲ್ಲ ಹೆಸರು ಬದಲಿಸಿಕೊಳ್ಳುತ್ತದೆ. ಚೆರಿ ಪಾಪ, ಸಿಪ್ಪೆ ಕಳೆದುಕೊಂಡರೂ 'ಅರೇಬಿಕಾ ಚೆರಿ' ಆಗಿಯೇ ಉಳಿಯುತ್ತದೆ.

ಪಾರ್ಚ್‌ಮೆಂಟಿಗೆ ಪೂರ್ತಿ ಹಣ್ಣಾದದ್ದೇ ಬೇಕು, ಅದೂ ಕುಯ್ದ ದಿನವೇ ಪಲ್ಪರಿಗೆ ಬೀಳಬೇಕು. ರಾತ್ರಿಯಿಡೀ ಚೀಲದಲ್ಲಿ ಬಿಟ್ಟರೆ ಹಣ್ಣು ಬಿಸಿಯೇರಿ ಒಳಗೇ ಹುಳಿಯುತ್ತದೆ. ಮೊದಲು ನೀರಿಗೆ ಹಾಕಿ ತೇಲುವುದನ್ನೆಲ್ಲ ಬೇರೆ ಮಾಡಿ, ಕಾಯಿ ಆರಿಸಿ ತೆಗೆಯಬೇಕು. ಪಲ್ಪರಿನ ಸಂದು ಬಿಗಿಯಾದರೆ ಬೀಜ ಕತ್ತರಿಸುತ್ತದೆ, ಸಡಿಲವಾದರೆ ಹಣ್ಣು ಇಡಿಯಾಗಿ ಆಚೆ ಬರುತ್ತದೆ. ಆದ್ದರಿಂದ ಮೊದಲ ಬುಟ್ಟಿ ಹಾಕಿ ಬೀಜ ಮುಟ್ಟಿ ನೋಡದೆ ಉಳಿದದ್ದನ್ನು ಸುರಿಯಬಾರದು.

ಆಮೇಲೆ ತೊಟ್ಟಿಯಲ್ಲಿ ಬೀಜಕ್ಕಂಟಿದ ಲೋಳೆ ಬಿಡಬೇಕು. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ, ಚಳಿ ಹೆಚ್ಚಿದ್ದರೆ ಇನ್ನೂ ತಡ. ಇಲ್ಲಿ ಗಡಿಯಾರಕ್ಕಿಂತ ಕೈಯೇ ವಾಸಿ. ಒಂದು ಹಿಡಿ ತೆಗೆದು ನೀರಲ್ಲಿ ತೊಳೆದು ಉಜ್ಜಿದರೆ ಜಲ್ಲಿಕಲ್ಲಿನಂತೆ ಒರಟಾಗಿ ಸಿಗಬೇಕು. ಜಾರಿದರೆ ಇನ್ನೂ ಕಾಯಬೇಕು. ಕಾದದ್ದು ಹೆಚ್ಚಾದರೆ ಬೀಜಕ್ಕೆ ಹುಳಿ ವಾಸನೆ ಹತ್ತುತ್ತದೆ, ಮತ್ತೆ ಎಷ್ಟು ತೊಳೆದರೂ ಹೋಗುವುದಿಲ್ಲ. ಇನ್ನೊಂದು ಜಾತಿಯ ಕಾಫಿ ರೊಬಸ್ಟಾದ ಲೋಳೆ ದಪ್ಪ, ಬೇಗ ಬಿಡುವುದಿಲ್ಲ. ಹೆಚ್ಚಿನವರು ಅದನ್ನು ನೇರ ಕಣಕ್ಕೆ ಹಾಕುವುದಕ್ಕೆ ಇದೂ ಒಂದು ಕಾರಣ. ತೊಳೆದ ನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ, ಅದಕ್ಕೆ ಬೇರೆ ಗುಂಡಿ ಬೇಕು.

ಚೆರಿಗೆ ಈ ಯಾವ ರಗಳೆಯೂ ಇಲ್ಲ ಎಂದುಕೊಂಡವರೇ ಜಾಸ್ತಿ ಕೆಡಿಸುವುದು. ಹಣ್ಣನ್ನು ದಪ್ಪಗೆ ಹರಡಿದರೆ ಮೇಲೆ ಒಣಗಿದಂತೆ ಕಂಡು ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ತೆಳ್ಳಗೆ ಹರಡಿ ದಿನಕ್ಕೆ ಹತ್ತಾರು ಸಲ ಕೈಯಾಡಿಸಬೇಕು. ಸುಮಾರು ಒಣಗಿದ ಮೇಲೆ ಸಂಜೆ ಗುಡ್ಡೆ ಮಾಡಿ ಮುಚ್ಚಬೇಕು, ಇಬ್ಬನಿ ಕುಡಿಯಬಾರದು. ಒಳ್ಳೆ ಬಿಸಿಲಿದ್ದರೆ 12ರಿಂದ 15 ದಿನ. ಪಾರ್ಚ್‌ಮೆಂಟಿಗೆ 7ರಿಂದ 10. ಅಲುಗಾಡಿಸಿದರೆ ಗಲಗಲ ಎನ್ನುವುದು ಚೆರಿಯ ಗುರುತು.

ಇನ್ನು ರೇಟು. 50 ಕೆಜಿ ಚೀಲಕ್ಕೆ ಪಾರ್ಚ್‌ಮೆಂಟ್ ಇಷ್ಟು, ಚೆರಿ ಇಷ್ಟು ಎಂದು ಕೇಳಿ ಹೋಲಿಸಿದರೆ ಮೋಸ ಹೋಗುವುದು ಖಂಡಿತ. ಪಾರ್ಚ್‌ಮೆಂಟ್ ಚೀಲದಲ್ಲಿ ಸುಮಾರು 40 ಕೆಜಿ ಕ್ಲೀನ್ ಕಾಫಿ (ಹೊಟ್ಟು-ಸಿಪ್ಪೆ ಹೋದ ಬರೀ ಬೀಜ) ಸಿಗುತ್ತದೆ, ಚೆರಿಯಲ್ಲಿ 25 ಕೆಜಿ ಆಸುಪಾಸು. ಲೆಕ್ಕವನ್ನು ಹಣ್ಣಿನಿಂದಲೇ ಹಾಕಬೇಕು: 500 ಕೆಜಿ ಅರೇಬಿಕಾ ಹಣ್ಣಿಗೆ ಪಾರ್ಚ್‌ಮೆಂಟ್ ಎರಡು ಚೀಲ, ಚೆರಿಯಾದರೆ ಹತ್ತಿರ ಹತ್ತಿರ ಮೂರೂವರೆ. ಅಂದರೆ ಚೆರಿ ಚೀಲಕ್ಕೆ 10,000 ರೂಪಾಯಿ ಇದ್ದಾಗ ಪಾರ್ಚ್‌ಮೆಂಟಿಗೆ 17,500 ದಾಟಿದರಷ್ಟೇ ಸಮ. ಪಲ್ಪರಿನ ಡೀಸೆಲ್, ನೀರು, ಆಳಿನ ಕೂಲಿ ಅದರ ಮೇಲೆ. ಈ ಗುಣಾಕಾರ ಮಾಡದೆ ವ್ಯಾಪಾರಿಯ ಜೊತೆ ಮಾತಿಗಿಳಿಯಬಾರದು.

ಕೊನೆಯ ಕುಯ್ಲಿನಲ್ಲಿ ಕಾಯಿ, ಹಣ್ಣು, ಒಣಗಿದ್ದು ಎಲ್ಲ ಕಲೆತ ರಾಶಿಗೆ, ಪಲ್ಪರಿಗೆ ಮುಂಚೆ ತೇಲಿದ್ದಕ್ಕೆ ಈ ಚರ್ಚೆಯೇ ಬೇಡ, ಅವು ಕಣಕ್ಕೇ. ಅದರಲ್ಲೂ ತೇಲಿದ್ದನ್ನು ಬೇರೆ ಒಣಗಿಸಿ ಬೇರೆ ಚೀಲಕ್ಕೇ ತುಂಬಬೇಕು; ಒಳ್ಳೆ ಚೆರಿಯ ಜೊತೆ ಬೆರೆಸಿದರೆ ಸ್ಯಾಂಪಲ್ ನೋಡಿದವರು ಪೂರ್ತಿ ಲಾಟಿಗೇ ಔಟ್‌ಟರ್ನ್ (ಚೀಲಕ್ಕೆ ಸಿಗುವ ಕ್ಲೀನ್ ಕಾಫಿಯ ಲೆಕ್ಕ) ಇಳಿಸಿಬಿಡುತ್ತಾರೆ.