ಗೋ ಟು ಹೋಮ್ ಅಂದರೆ ‘ಹೊರಗೆಗೆ ಹೋಗು’ ಅಂದ ಹಾಗೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೂತು ನಮ್ಮ ಟೀಮಿಗೆ ಕೆಲಸ ಮಾಡುವವನೊಬ್ಬ ಒಂದು ಬೆಳಿಗ್ಗೆ ಚಾಟಲ್ಲಿ ‘ಡ್ಯಾಡ್ಸ್ ಗಾನ್ ಇನ್‌ಟು ಹಾಸ್ಪಿಟಲ್’ ಅಂತ ಬರೆದ. ಅವರಪ್ಪ ಯಾರನ್ನೋ ನೋಡೋಕೆ ಹೋಗಿರಬೇಕು ಅಂದುಕೊಂಡು ನಾನು ‘ಓಕೆ, ಸಂಜೆಯೊಳಗೆ ಫೈಲ್ ಕಳಿಸು’ ಅಂದೆ. ಅವರಪ್ಪ ಅಡ್ಮಿಟ್ ಆಗಿದ್ದರು. ಇನ್ನೊಬ್ಬರು ಫೋನ್ ಮಾಡಿ ಹೇಳಿದಾಗ ಮುಖ ಎಲ್ಲಿಟ್ಟುಕೊಳ್ಳೋದು ಅಂತ ಗೊತ್ತಾಗಲಿಲ್ಲ.

ಆಮೇಲೆ ಈ ‘ಗೋ’ ಹಿಂದೆ ಬಿದ್ದೆ. ಬ್ರಿಟನ್ನಿನವರು ‘ಗೋ ಟು ಹಾಸ್ಪಿಟಲ್’ ಅಂದರೆ ಸಾಮಾನ್ಯವಾಗಿ ರೋಗಿಯಾಗಿ ಹೋಗೋದು. ನಡುವೆ ‘ದ’ ಬಂತೋ, ಆ ಕಟ್ಟಡಕ್ಕೆ ಹೋದರು ಅಂತಷ್ಟೇ, ನೋಡೋಕೆ ಹೋಗಿದ್ದರೂ ಆಯ್ತು. ‘ಗೋ ಟು ಪ್ರಿಸನ್’ ಅಂದರೆ ಜೈಲುಪಾಲು, ‘ಗೋ ಟು ದ ಪ್ರಿಸನ್’ ಅಂದರೆ ಒಳಗಿರುವ ತಮ್ಮನನ್ನು ಮಾತಾಡಿಸಿಕೊಂಡು ವಾಪಸ್ ಬರಬಹುದು. ‘ಗೋ ಟು ಬೆಡ್’ ಅಂದರೆ ಮಲಗೋಕೆ. ‘ಗೋ ಟು ದ ಬೆಡ್’ ಅಂದರೆ ಮಂಚದ ಹತ್ರ ಹೋದರು, ಪ್ರಾಯಶಃ ಅದರಡಿ ಬಿದ್ದ ಚಾರ್ಜರ್ ಹುಡುಕೋಕೆ. ಅಮೆರಿಕದವರೂ ಜೈಲು, ಹಾಸಿಗೆ, ಸ್ಕೂಲಿಗೆ ಹೀಗೇ ಹೇಳ್ತಾರೆ, ಆಸ್ಪತ್ರೆಗೆ ಮಾತ್ರ ಕಾಯಿಲೆಯಾಗಿ ಹೋದರೂ ‘ದ’ ಬೇಕು. ಯಾಕೆ ಅಂತ ಕೇಳಬೇಡಿ, ನಾವೂ ‘ಊರಿಗೆ’ ಅಂತೀವಿ, ‘ಮರಕ್ಕೆ’ ಅಂತೀವಿ, ಕಾರಣ ಕೇಳಿದರೆ ತಡಬಡಾಯಿಸ್ತೀವಿ.

ನನ್ನ ಹಳೇ ಕಾಯಿಲೆ ‘ಗೋ ಟು ಹೋಮ್’. ಮನೆಗೆ ಅನ್ನೋದರಲ್ಲಿ ‘ಗೆ’ ಇದೆ, ಹಾಗಾಗಿ ‘ಟು’ ಹಾಕಬೇಕು ಅನ್ನೋ ಲೆಕ್ಕ. ಆದರೆ ಅಲ್ಲಿ ‘ಹೋಮ್’ ಒಳಗೇ ಆ ‘ಗೆ’ ಅಡಗಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಆ ಪದ ದ್ವಿತೀಯಾ ವಿಭಕ್ತಿಯಲ್ಲಿ ನಿಂತರೆ ಸಾಕಿತ್ತು, ‘ಮನೆಗೆ’ ಅಂತ ಅರ್ಥ. ವಿಭಕ್ತಿಗಳು ಹೆಚ್ಚುಕಮ್ಮಿ ಉದುರಿಹೋದವು, ಈ ಬಳಕೆ ಉಳಿಯಿತು. ನಮ್ಮ ಹೊರಗೆ, ಒಳಗೆ, ಕೆಳಗೆ ಇಲ್ವಾ? ಯಾರಾದರೂ ‘ಹೊರಗೆಗೆ ಹೋಗ್ತೀನಿ’ ಅಂದರೆ ನಮಗೆ ಹೇಗನಿಸುತ್ತೋ, ನನ್ನ ‘ಟು ಹೋಮ್’ ಅವರಿಗೆ ಹಾಗೇ ಕೇಳಿರಬೇಕು, ಪಾಪ ಯಾರೂ ಬಾಯಿಬಿಡಲಿಲ್ಲ. ಅಬ್ರಾಡ್, ಅಪ್‌ಸ್ಟೇರ್ಸ್ ಕೂಡ ಇದೇ ಜಾತಿ. ‘ಮೈ ಹೌಸ್’ ಅಂದ ತಕ್ಷಣ ಮಾತ್ರ ‘ಟು’ ಮರಳಿ ಹಾಜರ್.

ಶಾಪಿಂಗಿನದೂ ಇದೇ ಗೋಳು. ವಾಕಿಂಗಿಗೆ, ಶಾಪಿಂಗಿಗೆ ಅಂತ ನಾವು ಎಲ್ಲಕ್ಕೂ ಒಂದೇ ‘ಗೆ’ ಅಂಟಿಸ್ತೀವಿ. ಅವರು ‘ಗೋ ಫಾರ್ ಎ ವಾಕ್’ ಅಂತಾರೆ, ಆದರೆ ‘ಗೋ ಶಾಪಿಂಗ್’ ಅಂತ ಬರಿಗೈಲಿ ಬಿಡ್ತಾರೆ. ನಾನು ಈಗಲೂ ‘ಗೋ ಫಾರ್ ಶಾಪಿಂಗ್’ ಅಂತಲೇ ಬರೆದು, ಕಳಿಸೋ ಮುಂಚೆ ಅಳಿಸ್ತೀನಿ.

ಇಷ್ಟೆಲ್ಲ ಬೈದರೂ ಒಂದು ಕಡೆ ಅವರದು ಸುಲಭ. ‘ಗೋ ಟು ದ ಡಾಕ್ಟರ್’, ಮುಗೀತು. ನಮಗೆ ಆಸ್ಪತ್ರೆಗೆ ಹೋಗೋಕೆ ‘ಗೆ’ ಸಾಕು, ಡಾಕ್ಟರಿಗೆ ಸಾಲದು, ಅವರ ಹತ್ರ ಹೋಗಬೇಕು. ಬೆಂಗಳೂರಿಗೆ ಕನ್ನಡ ಕಲಿಯೋಕೆ ಬಂದವರು ಯಾರಾದರೂ ‘ನಾನು ಅಜ್ಜಿಗೆ ಹೋದೆ’ ಅಂದರೆ ನಗಬೇಡಿ.