ಒಂದೂವರೆ ಅಡಿ ಕೆಳಗಿನ ಸದ್ದು

ನೆಲದೊಳಗಿನ ಹಳೆಯ ನಾಣ್ಯ, ಲೋಹ ಹುಡುಕುವ ಹವ್ಯಾಸದಲ್ಲಿ ಆಳದ ವಸ್ತು ಕೈತಪ್ಪಿದಾಗೆಲ್ಲ ಬೈಗುಳ ಮೆಟಲ್ ಡಿಟೆಕ್ಟರಿಗೆ ಬೀಳುತ್ತದೆ. ಬಹುಪಾಲು ತಪ್ಪು ಸಲಿಕೆಯದ್ದು. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನ ಉತ್ತ ಹೊಲಗಳ ಮಾತು. ಸಂರಕ್ಷಿತ ಸ್ಮಾರಕಗಳ ಜಾಗ ಬಿಟ್ಟು, ಜಮೀನಿನವರ ಒಪ್ಪಿಗೆ ಪಡೆದು ಹುಡುಕುವುದಕ್ಕೆ ಅಲ್ಲಿ ಅಡ್ಡಿಯಿಲ್ಲ.

ಮೊದಲು ಆಳದ ಲೆಕ್ಕ. ಕಾಯಿಲ್ ಎಂದರೆ ಡಿಟೆಕ್ಟರಿನ ತುದಿಯಲ್ಲಿರುವ, ನೆಲದ ಮೇಲೆ ಬೀಸುವ ತಟ್ಟೆ. ಅದರ ಅಗಲಕ್ಕಿಂತ ಆಳದಲ್ಲಿರುವ ನಾಣ್ಯದ ದೂರ ಇನ್ನೂ ಎರಡು ಪಟ್ಟಾದರೆ, ಮರಳಿ ಬರುವ ಸಿಗ್ನಲ್ ಸುಮಾರು 64ರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಸೆನ್ಸಿಟಿವಿಟಿಯನ್ನು ತುದಿಗೆ ತಿರುಗಿಸಿದರೂ ಹೆಚ್ಚೇನೂ ದಕ್ಕದಿರುವುದು ಇದಕ್ಕೇ. ಮಣ್ಣಿನ ಗದ್ದಲವೂ ಜೊತೆಗೇ ಏರುತ್ತದೆ. 11 ಇಂಚಿನ ಕಾಯಿಲಿಗೆ ಒಳ್ಳೆಯ ಮಣ್ಣಿನಲ್ಲಿ ಒಂಟಿ ನಾಣ್ಯ 20–25 ಸೆಂ.ಮೀ. ತನಕ ಕೇಳಿಸಿದರೆ ಅದೇ ದೊಡ್ಡದು. 15 ಇಂಚಿನದು ಇನ್ನು ಕೆಲವು ಸೆಂಟಿಮೀಟರ್ ಕೊಡುತ್ತದೆ, ಬದಲಿಗೆ ಅಕ್ಕಪಕ್ಕದ ಮೊಳೆಗಳನ್ನೆಲ್ಲ ಒಂದೇ ಸದ್ದಿನಲ್ಲಿ ಕಲಸಿಬಿಡುತ್ತದೆ. ತೋಳುನೋವು ಬೇರೆ.

ಹಾಗಾದರೆ ಒಂದೂವರೆ ಅಡಿಯಿಂದ ಬರುವ ಸದ್ದು ಯಾವುದರದ್ದು? ಒಂಟಿ ನಾಣ್ಯದ್ದಲ್ಲ, ದೊಡ್ಡದರದ್ದು: ನೇಗಿಲಿನ ಗುಳ, ಕೊಳವೆ, ಅಪರೂಪಕ್ಕೆ ಒಂದು ಮಡಕೆ. ಅಗೆಯುವ ಮೊದಲು ಕಾಯಿಲನ್ನು ನೆಲದಿಂದ ಗೇಣುದ್ದ ಎತ್ತಿ ಬೀಸಿ. ಸದ್ದು ಸತ್ತರೆ ಸಣ್ಣ ವಸ್ತು. ಉಳಿದು ಅಗಲವಾಗಿ ಹರಡಿಕೊಂಡರೆ ದೊಡ್ಡದು. ಯಾವ ಲೋಹವೆಂದು ಸೂಚಿಸುವ ಪರದೆಯ ಅಂಕಿಯನ್ನು ಆಳದಲ್ಲಿ ನಂಬಬೇಡಿ. ಕಬ್ಬಿಣದಂಶ ಹೆಚ್ಚಿರುವ ಮಣ್ಣಿನಲ್ಲಿ ಆಳದ ಬೆಳ್ಳಿಯೂ ಕಬ್ಬಿಣದ ಅಂಕಿ ತೋರಿಸಬಹುದು, ದೊಡ್ಡ ಕಬ್ಬಿಣದ ತುಂಡು ಬೆಳ್ಳಿಯಂತೆ ಹಾಡಬಹುದು. 90 ಡಿಗ್ರಿ ತಿರುಗಿ ನಿಂತು ಇನ್ನೊಮ್ಮೆ ಬೀಸಿದಾಗಲೂ ಸದ್ದು ಅದೇ ಜಾಗದಲ್ಲಿ ಮರುಕಳಿಸಿದರೆ ಅಗೆಯಬಹುದು.

ಹುಲ್ಲಿದ್ದರೆ ಲಾಳದಾಕಾರದಲ್ಲಿ ಕತ್ತರಿಸಿ, ಒಂದು ಬದಿ ಅಂಟಿಕೊಂಡಿರುವಂತೆ ಹೆಂಟೆಯನ್ನು ಮಗುಚಿ. ಗುಂಡಿ ಕನಿಷ್ಠ 30 ಸೆಂ.ಮೀ. ಅಗಲವಿರಲಿ, ಗೋಡೆ ನೇರವಾಗಿರಲಿ. ಎಡವುವುದು ಇಲ್ಲೇ: ಕೆಳಗೆ ಹೋದಂತೆ ಗುಂಡಿ ಆಲಿಕೆಯಂತೆ ಕಿರಿದಾಗುತ್ತದೆ, ವಸ್ತು ಗೋಡೆಯೊಳಗೆ ಉಳಿಯುತ್ತದೆ, ಮುಂದಿನ ಸಲಿಕೆ ಏಟು ನೇರ ಅದರ ಮೇಲೆ. ಮಣ್ಣೆಲ್ಲ ಟಾರ್ಪಾಲಿನ ಮೇಲೆ ಬೀಳಲಿ. 10 ಸೆಂ.ಮೀ.ಗೊಮ್ಮೆ ಗುಂಡಿಯನ್ನೂ ರಾಶಿಯನ್ನೂ ಕಾಯಿಲಿನಿಂದ ನೋಡಿ. ಗುಂಡಿಯೊಳಗೆ ಹಿಡಿದು ನೋಡುವ ಪುಟ್ಟ ಕೈ ಡಿಟೆಕ್ಟರಾದ ಪಿನ್‌ಪಾಯಿಂಟರಿಗೆ ನಾಣ್ಯ ಸಿಗುವುದು ನಾಲ್ಕೈದು ಸೆಂಟಿಮೀಟರಿನೊಳಗೆ ಮಾತ್ರ, ಆದ್ದರಿಂದ ತಳದಷ್ಟೇ ಗೋಡೆಗಳನ್ನೂ ಸವರಬೇಕು.

ಅಗೆದ ಮೇಲೆ ಸದ್ದೇ ಮಾಯವಾದರೆ? ನಾಣ್ಯ ಜಾರಿ ಅಂಚಿನ ಮೇಲೆ ನಿಂತಿರಬಹುದು. ಆಗ ಕಾಯಿಲಿಗೆ ಅದು ಬರೀ ಗೆರೆ. ಅಥವಾ ತುಕ್ಕು ಹಿಡಿದ ಕಬ್ಬಿಣವಾಗಿದ್ದು, ಸದ್ದನ್ನು ಹಿಗ್ಗಿಸುತ್ತಿದ್ದ ಸುತ್ತಲಿನ ತುಕ್ಕುಮಣ್ಣು ಕದಡಿ ಹೋಗಿರಬಹುದು. ಮೊದಲು ರಾಶಿ ಹುಡುಕಿ, ಆಮೇಲೆ ಗೋಡೆ.

ಉಳುಮೆಯ ಪದರ ದಾಟಿದ ಕೂಡಲೇ ಸಲಿಕೆ ನಿಲ್ಲಬೇಕು. ಮಣ್ಣಿನ ಬಣ್ಣ ಬದಲಾಗಿ ಗಟ್ಟಿಯಾಗುವುದೇ ಅದರ ಗುರುತು. ಅಲ್ಲಿಂದ ಕೆಳಗಿರುವುದು ಕದಡದ ಇತಿಹಾಸ. ಇಂಗ್ಲೆಂಡಿನ ಹವ್ಯಾಸಿಗಳ ಸಂಹಿತೆಯೂ ಇದನ್ನೇ ಹೇಳುತ್ತದೆ. 2010ರಲ್ಲಿ ಸಾಮರ್ಸೆಟ್‌ನ ಫ್ರೋಮ್ ಬಳಿ ಡೇವ್ ಕ್ರಿಸ್ಪ್ ಸುಮಾರು ಒಂದಡಿ ಕೆಳಗೆ ಮಡಕೆಯ ಚೂರು, ನಾಣ್ಯ ಕಂಡೊಡನೆ ಅಗೆತ ನಿಲ್ಲಿಸಿ ಗುಂಡಿ ಮುಚ್ಚಿ ಸುದ್ದಿ ಮುಟ್ಟಿಸಿದರು. ಪುರಾತತ್ವಜ್ಞರು ಪದರ ಪದರವಾಗಿ ತೆಗೆದಾಗ ಸಿಕ್ಕಿದ್ದು 52,503 ರೋಮನ್ ನಾಣ್ಯ. ಅವುಗಳಲ್ಲಿ ಎಲ್ಲಕ್ಕಿಂತ ಈಚಿನವಾದ, ಬ್ರಿಟನ್ನನ್ನು ಆಳಿದ ಕರೌಸಿಯಸ್‌ನ ನಾಣ್ಯಗಳು ಮಡಕೆಯ ಬಾಯಲ್ಲಿರದೆ ಒಳಗೆ ಇದ್ದುದರಿಂದಲೇ, ಇದು ವರ್ಷವರ್ಷ ಕೂಡಿಟ್ಟದ್ದಲ್ಲ, ಒಮ್ಮೆಲೇ ಸುರಿದದ್ದು ಎಂದು ತಿಳಿಯಿತು. ಆತುರದ ಕೈ ಬಾಚಿ ತೆಗೆದಿದ್ದರೆ ನಾಣ್ಯ ಸಿಗುತ್ತಿತ್ತು, ಈ ಸಂಗತಿ ಸಿಗುತ್ತಿರಲಿಲ್ಲ. ನಿಧಿ ಎನ್ನಿಸಿದ್ದನ್ನು 14 ದಿನದೊಳಗೆ ಕರೋನರ್‌ಗೆ (ನಿಧಿಯ ವಿಚಾರಣೆ ನಡೆಸುವ ಅಧಿಕಾರಿಗೆ) ತಿಳಿಸುವುದು ಅಲ್ಲಿನ 1996ರ ನಿಧಿ ಕಾಯ್ದೆಯ ಪ್ರಕಾರ ಕಡ್ಡಾಯ. ರೆಕ್ಕೆಯೋ ಉದ್ದನೆಯ ಉಕ್ಕಿನ ಮೈಯೋ ಕಂಡರೆ ಯುದ್ಧಕಾಲದ ಬಾಂಬಿರಬಹುದು: ಮುಟ್ಟದೆ ದೂರ ಸರಿದು ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ.

ಮುಚ್ಚುವಾಗ ಕೊನೆಗೆ ತೆಗೆದ ಮಣ್ಣು ಮೊದಲು ಒಳಗೆ. ಅರ್ಧ ತುಂಬಿದಾಗೊಮ್ಮೆ ತುಳಿಯಿರಿ, ಇಲ್ಲವಾದರೆ ಮೊದಲ ಮಳೆಗೇ ಕುಳಿಬಿದ್ದು ಹಸುವಿನ ಕಾಲು ಮುರಿಯುತ್ತದೆ. ಬಿರುಬೇಸಿಗೆಯಲ್ಲಿ ಹುಲ್ಲುಹೆಂಟೆ ಕತ್ತರಿಸಲೇಬೇಡಿ. ಎರಡು ವಾರಕ್ಕೆ ಒಣಗಿ ಹಳದಿ ವೃತ್ತವಾಗಿ ಜಮೀನಿನವರ ಕಣ್ಣಿಗೆ ಬೀಳುತ್ತದೆ.